ವಾಷಾ, ಒಗ್ಯಾದಾ?

ಕಳೆದ ವಾರ ನಮ್ಮ ಯೂನಿಟ್ಟಿನಲ್ಲಿ ಕ್ಯೂಸಿಗೆ, ಅಂದರೆ ಹೊಲಿದ ಜೀನ್ಸಿನ ಕ್ವಾಲಿಟಿ ನೋಡೋ ಕೆಲಸಕ್ಕೆ, ಮಂಡ್ಯ ಕಡೆಯ ಹುಡುಗಿಯೊಬ್ಬಳು ಸೇರಿದಳು. ಎರಡನೇ ದಿನವೇ ಚೆಕಿಂಗ್ ಟೇಬಲ್ ಪಕ್ಕ ನಿಂತು, "ಅಕ್ಕಾ, ಈ ಹನ್ನೆರಡು ಪೀಸ್ ಒಗೆಯೋಕೆ ಹಾಕಿ" ಅಂದಳು. ಥ್ರೆಡ್ ಕಟಿಂಗಿನ ಹೆಂಗಸರ ಕತ್ತರಿಗಳು ಅಲ್ಲಲ್ಲೇ ನಿಂತವು. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಬಾರ್ಟ್ಯಾಕ್ ಮಷೀನಿನ ಹುಡುಗ ಹಿಂದೆ ತಿರುಗಿ ನೋಡಿದ. ನೋಡಿದ್ದು ಆ ಹುಡುಗಿಯನ್ನಲ್ಲ, ನನ್ನನ್ನು. "ಮೇಡಮ್ಮಾರ, ವಾಷಾ, ಒಗ್ಯಾದಾ?"

ಪಾಪ, ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಆರು ವರ್ಷವಾಯಿತು. ಆಗ ಇಲ್ಲಿ ಕೆಲಸಕ್ಕೇ ಇರದವರು ಕೂಡ ಈ ಮಾತು ಕಲಿತಿದ್ದಾರೆ. ಹೊಸಬರಿಗೆ ಐಡಿ ಕಾರ್ಡ್ ಬರೋದು ತಡವಾಗಬಹುದು, ಈ ಕಥೆ ಮಾತ್ರ ಮೊದಲ ವಾರವೇ ಸಿಗುತ್ತೆ. ಆದರೆ ಅವರಿಗೆ ಸಿಗೋದು ಅರ್ಧ ಕಥೆ, ನಗೋ ಅರ್ಧ. ಇನ್ನರ್ಧ ನಾನು ಯಾರಿಗೂ ಹೇಳಿಲ್ಲ.

ನಮ್ಮದು ಬಳ್ಳಾರಿಯ ಜೀನ್ಸ್ ಯೂನಿಟ್. ಹೊಲಿಗೆ, ವಾಷಿಂಗ್, ಫಿನಿಷಿಂಗ್ ಮೂರೂ ಒಂದೇ ಕಾಂಪೌಂಡಿನಲ್ಲಿವೆ. ನಾನು ತಿಪಟೂರಿನವಳು, ಮದುವೆಯಾಗಿ ಬಳ್ಳಾರಿಗೆ ಬಂದವಳು. 2019ರಲ್ಲಿ ಕ್ಯೂಸಿ ಅಂತ ಸೇರಿದೆ. ಈ ಘಟನೆ ನಡೆದಾಗ ಸೇರಿ ಏಳು ತಿಂಗಳಾಗಿತ್ತು.

ಮೊದಲು ನನ್ನ ಗೊಣಗಾಟ ಮುಗಿಸಿಬಿಡ್ತೀನಿ. ಅದು ಗೊತ್ತಿಲ್ಲದಿದ್ದರೆ ಮುಂದಿನದರ ಮಜಾ ಇಲ್ಲ.

ಇಲ್ಲಿಗೆ ಬಂದ ದಿನದಿಂದ ನಾನು 'ಬೆಂಗ್ಳೂರ್ ಮೇಡಂ'. ತಿಪಟೂರು ಬೆಂಗಳೂರಿನಿಂದ ನೂರು ಕಿಲೋಮೀಟರಿಗೂ ಆಚೆ ಇದೆ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಚಿತ್ರದುರ್ಗ ದಾಟಿದರೆ ಅವರಿಗೆ ಎಲ್ಲವೂ ಬೆಂಗಳೂರೇ. ನಾನು "ಬರ್ತಾ ಇದ್ದೀನಿ ಕಣ್ರೀ" ಅಂದರೆ ಸಾಕು, ಮೂರು ಟೇಬಲ್ ಆಚೆಯಿಂದ ಯಾರೋ ಮೂಗಿನಲ್ಲಿ "ಕಣ್ರೀ" ಅಂತಿದ್ದರು. ಹಬ್ಬಕ್ಕೆ ಊರಿಗೆ ಹೋದರೆ ಅಲ್ಲಿ ಉಲ್ಟಾ. ನಾಲ್ಕು ತಿಂಗಳಿಗೇ ನನ್ನ ಬಾಯಲ್ಲಿ 'ಐತಿ' ಬರುತ್ತಿತ್ತಂತೆ. "ಏನ್ ಐತ್ರೀ ಅಕ್ಕಾರ" ಅಂತ ತಂಗಿ ಶುರು ಮಾಡಿದರೆ ಮನೆಯವರೆಲ್ಲ ಸೇರಿಕೊಳ್ಳುತ್ತಿದ್ದರು. ಮದುವೆಯಾದ ಹೆಣ್ಣಿನ ಮಾತು ಎರಡೂ ಊರಲ್ಲಿ ತಮಾಷೆಯೇ. ನನ್ನ ಗಂಡ ಹತ್ತು ವರ್ಷ ಬೆಂಗಳೂರಲ್ಲಿದ್ದು ಬಂದವರು. ಅವರ ಮಾತಿಗೆ ಯಾರೂ ನಗಲ್ಲ. "ಹೊರಗ ದುಡದು ಬಂದಾನ" ಅಂತಾರೆ.

ಇನ್ನು ಫೋನು. ಆಫೀಸ್ ಫೋನ್ ಎತ್ತಿ ಹಲೋ ಅಂದರೆ ಆ ಕಡೆಯಿಂದ ಬರೋ ಮೊದಲ ಮಾತು, "ಸರ್ ಇಲ್ಲೇನಮ್ಮಾ? ಯಾರಾದ್ರೂ ಸರ್‌ಗೆ ಕೊಡು." ಬಣ್ಣದ ಮಾದರಿಯ ಶೇಡ್ ಬ್ಯಾಂಡ್ ಮಾಡಿದ್ದು ನಾನು. ಲಾಟ್ ಪಾಸ್ ಮಾಡಿದ್ದು ನಾನು. ಅವರು ಕೇಳಬೇಕಾದ ಪ್ರಶ್ನೆಗೆ ಉತ್ತರ ಇರೋದು ನನ್ನ ಹತ್ತಿರ. ಆದರೂ ಸರ್ ಬೇಕು. ಒಮ್ಮೆ ಸುಮ್ನೆ ಆಫೀಸ್ ಬಾಯ್ ಕೈಗೆ ಕೊಟ್ಟೆ. ಹದಿನೆಂಟರ ಹುಡುಗ. ಒಂದೊಂದೂ ನನ್ನನ್ನೇ ಕೇಳಿ ಕೇಳಿ ಫೋನಿನಲ್ಲಿ ಹೇಳಿದ. ಆ ಕಡೆಯವರಿಗೆ ಬಹಳ ಸಮಾಧಾನವಾಯಿತು.

ಮೀಟಿಂಗಿನಲ್ಲಿ ಚಹಾದ ಟ್ರೇ ತಾನಾಗಿ ನನ್ನ ಮುಂದೆ ಬಂದು ನಿಲ್ಲೋದು ಬೇರೆ. ಅದರ ಬಗ್ಗೆ ಬರೆದರೆ ಇವತ್ತಿಗೆ ಮುಗಿಯಲ್ಲ.

ನಮ್ಮ ವಾಷಿಂಗ್ ಇನ್‌ಚಾರ್ಜನ್ನು ಎಲ್ಲರೂ ವಾಷಿಂಗ್ ಸರ್ ಅಂತಾರೆ. ನಾಲ್ಕು ಬೆಲ್ಲಿ ವಾಷರ್ ಒಟ್ಟಿಗೆ ತಿರುಗುವಾಗಲೂ ಅವರ ದನಿ ಗೇಟಿನವರೆಗೆ ಕೇಳುತ್ತೆ. 'ಖಡಕ್ ಮನುಷ್ಯಾ' ಅಂತ ಹೆಸರು. ಅದೇ ಫ್ಲೋರಿನಲ್ಲಿ, ಅದೇ ಸದ್ದಿನ ನಡುವೆ, ಹೆಂಗಸೊಬ್ಬಳು ದನಿ ಎತ್ತಿದರೆ 'ಆಕೀದು ಬಾಯಿ ಭಾಳ'. ನಾನೂ ಒಂದು ದಿನ ಸರ್ ಥರಾನೇ ಕೂಗಿ ನೋಡಿದೆ. ಸಂಜೆ ಸಾವ್ಕಾರ್ರು ಕರೆಸಿ, "ಮನ್ಯಾಗ ಏನರ ತ್ರಾಸ್ ಐತೇನಮ್ಮಾ?" ಅಂತ ಕೇಳಿದರು. ಅಕ್ಕರೆಯಿಂದಲೇ ಕೇಳಿದರು. ಅದಕ್ಕೇ ಇನ್ನೂ ಸಿಟ್ಟು ಬಂತು.

ಇಷ್ಟೆಲ್ಲ ಸಿಟ್ಟು ಇಟ್ಟುಕೊಂಡಿದ್ದವಳು ನಾನು. ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಚೆಕಿಂಗ್ ಟೇಬಲ್ಲಿನಲ್ಲಿ ಹಿರಿಯ ಹೆಲ್ಪರ್ ಒಬ್ಬರಿದ್ದರು. ತವರು ಕುಷ್ಟಗಿ ಕಡೆಯ ಹಳ್ಳಿ. ಹೀಗಾಗಿ ಎಲ್ಲರಿಗೂ ಕುಷ್ಟಗಿ ಅಕ್ಕ. ನಲವತ್ತೈದು ದಾಟಿದ್ದರು. ಪ್ಯಾಂಟಿನ ಬೆಲ್ಟ್ ಹಿಡಿದು ಒಮ್ಮೆ ಜಾಡಿಸಿದರೆ ಸಾಕು, ಎಲ್ಲಿ ಸ್ಟಿಚ್ ಬಿಟ್ಟಿದೆ ಅಂತ ಹೇಳುತ್ತಿದ್ದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಹೊಲದಲ್ಲಿ ಆ ಬದುವಿನಿಂದ ಈ ಬದುವಿಗೆ ಕೂಗಿ ಬೆಳೆದ ದನಿ ಅದು.

ಮೊದಮೊದಲು ನನಗೆ ಇಲ್ಲಿನ ಮಾತು ಕಲಿಸಿದ್ದು ಅವರೇ. ನನ್ನ ಮೊದಲ ವಾರ ಯಾರೋ "ಡ್ರೈಯರ್ ಹಚ್ಚೀನ್ರಿ" ಅಂದಾಗ ನಾನು ಹೌಹಾರಿದ್ದೆ. ನಮ್ಮ ಕಡೆ ಹಚ್ಚೋದು ದೀಪ, ಇಲ್ಲವಾದರೆ ಬೆಂಕಿ. "ಹಂಗಲ್ರಿ ಮೇಡಮ್ಮಾರ, ಮಷೀನ್ ಚಾಲೂ ಮಾಡೂದಕ್ಕ ಹಚ್ಚೂದು ಅಂತೀವಿ. ಫೋನ್ ಹಚ್ತೀವಿ, ಟಿವಿ ಹಚ್ತೀವಿ, ಲಾರಿ ಗೇಟಿಗೆ ಹಚ್ತೀವಿ" ಅಂತ ಅಕ್ಕ ಬಿಡಿಸಿ ಹೇಳಿದ್ದರು. ನಾನು ಡೈರಿಯ ಕೊನೇ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ರೊಕ್ಕ ತುಂಬೋದು ಅಂದರೆ ಕಟ್ಟೋದು. ನಿಂದ್ರು ಅಂದರೆ ನಿಲ್ಲು. ಒಂದೂವರೆ ಹಾಳೆ ತುಂಬಿತ್ತು. 'ಒಗಿ' ಮಾತ್ರ ಅದರಲ್ಲಿ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನೋದಕ್ಕೂ ಕಾರಣ ಇದೆ. ಅದು ಆಮೇಲೆ.

ದಸರಾಕ್ಕೆ ಎರಡು ವಾರವಿದ್ದಾಗ, ಒಂದು ಶನಿವಾರ. ಸೀಸನ್ನಿನ ಗದ್ದಲ. 640 ಪೀಸಿನ ಲಾಟ್ ಸಂಜೆ ಏಳೂವರೆ ಗಾಡಿಗೆ ಹೋಗಬೇಕಿತ್ತು. ಬೆಳಿಗ್ಗೆ ಚೆಕಿಂಗಿನಲ್ಲಿ 86 ಪೀಸಿಗೆ ತೊಡೆಯ ಮೇಲೆ ಕಂದು ಕಲೆ ಸಿಕ್ಕಿತು. ಬಣ್ಣ ತೆಳುವಾಗಿಸೋ ಪಿಪಿ ಸ್ಪ್ರೇ ಆದ ಮೇಲೆ, ಅದರ ಕಲೆ ತೆಗೆಯೋ ನ್ಯೂಟ್ರಲ್ ಸರಿಯಾಗಿ ಆಗಿರಲಿಲ್ಲ. ಅದಕ್ಕೆ ಹಾಕೋ ಮೆಟಾ ಅನ್ನೋ ಕೆಮಿಕಲ್ ಕಡಿಮೆ ಬಿದ್ದಿತ್ತು, ಅಷ್ಟೇ. ಮತ್ತೊಮ್ಮೆ ಮೆಟಾ ನೀರಿನಲ್ಲಿ ಇಪ್ಪತ್ತು ನಿಮಿಷ ತಿರುಗಿಸಿದರೆ ಹೋಗೋ ಕಲೆ. ಮೆಟಾ ಹಾಕಬೇಕಾದವರು ಯಾರು ಅಂತ ಅವತ್ತು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕುಷ್ಟಗಿ ಅಕ್ಕನನ್ನು ಕರೆದು, "ಇಷ್ಟೂ ಪೀಸ್ ಒಗೆಯೋಕೆ ಹಾಕಿ" ಅಂದೆ.

ಯೂನಿಟ್ಟಿನಲ್ಲಿ ಯಾರೂ ಜೀನ್ಸ್ 'ಒಗೆಯೋದಿಲ್ಲ'. ಜೀನ್ಸ್ 'ವಾಷ್' ಆಗುತ್ತೆ. ಏಳು ತಿಂಗಳಿಂದ ನಾನೂ ವಾಷ್ ಅಂತಲೇ ಅಂದಿದ್ದೆ. ಅವತ್ತು ಯಾಕೆ ಒಗೆಯೋಕೆ ಅಂದೆನೋ. ಹಿಂದಿನ ದಿನ ಸಾವ್ಕಾರ್ರ ಮಗ, "ಮೇಡಂ ಬರೀ ಇಂಗ್ಲಿಷ್ ಮಾತಾಡ್ತಾರ" ಅಂತ ಕಿಚಾಯಿಸಿದ್ದ. ಬಹುಶಃ ಅದಕ್ಕೇ.

ಅಕ್ಕ ಪೀಸ್ ಎತ್ತಿ ನೋಡಿದರು. "ಒಗ್ಯಾದನ್ರಿ? ಇಷ್ಟೂನೂ?"

"ಹೂಂ, ಇಷ್ಟೂ."

"ಚಲೋ ಅದಾವಲ್ರಿ ಇವು. ಯಾಕ ಒಗಿಬೇಕು?"

ದನಿ ಎಂದಿನಂತೆ ಜೋರಾಗಿತ್ತು. ಅಕ್ಕಪಕ್ಕದ ಟೇಬಲ್ಲಿನವರು ತಲೆ ಎತ್ತಿದರು. ನನಗೆ ಕೇಳಿಸಿದ್ದು ಎದುರುತ್ತರ. ಮತ್ತೊಮ್ಮೆ ವಾಷಿಂಗಿಗೆ ಹೊತ್ತುಕೊಂಡು ಹೋಗಲು ಸೋಮಾರಿತನ ಅಂದುಕೊಂಡೆ. ಹೊಸ ಮೇಡಂ ಅಂತ ಆಟ ಆಡಿಸ್ತಿದ್ದಾರೆ ಅಂತಲೂ ಅನಿಸಿತು.

"ಕಲೆ ಕಾಣಿಸ್ತಿಲ್ವಾ? ಹೇಳಿದಷ್ಟು ಮಾಡಿ" ಅಂದೆ.

ಅಕ್ಕ ಹೋಗಲಿಲ್ಲ. ಬಂಡಲ್ ಎದೆಗೆ ಒತ್ತಿಕೊಂಡು ಅಲ್ಲೇ ನಿಂತು ಮೂರನೇ ಸಲ ಕೇಳಿದರು. "ಒಗದ್ರ ಸಾವ್ಕಾರ್ರು ಬಯ್ಯಂಗಿಲ್ಲೇನ್ರಿ?"

"ಸಾವ್ಕಾರ್ರಿಗೆ ನಾನು ಹೇಳ್ಕೋತೀನಿ. ನೀವು ಹೋಗಿ."

ಆ ಮಾತುಕತೆಯನ್ನು ಈ ಆರು ವರ್ಷದಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೀನೋ ಲೆಕ್ಕವಿಲ್ಲ. ಒಂದೊಂದು ಸಾಲೂ ಎರಡು ಕಡೆಗೂ ಕೂರುತ್ತೆ. ಅವರ ಪ್ರಶ್ನೆಗೆ ನನ್ನ ಉತ್ತರ ಸರಿಯಾಗಿ ಹೊಂದುತ್ತೆ, ನನ್ನ ಉತ್ತರಕ್ಕೆ ಅವರ ಮುಂದಿನ ಪ್ರಶ್ನೆಯೂ ಹೊಂದುತ್ತೆ. ಬೇಕೆಂದೇ ಕೂತು ಬರೆದರೂ ಇಷ್ಟು ಚೆನ್ನಾಗಿ ಬರಲ್ಲ. ಆದರೆ ಮೂರು ಸಲ ಕೇಳಿದ್ದು ಮಾತ್ರ ಒಂದೇ ಕಡೆಗೆ ಕೂರುತ್ತೆ. ಸೋಮಾರಿಗಳು ಮೂರು ಸಲ ಕೇಳಲ್ಲ. ಒಂದು ಸಲ ಗೊಣಗಿ ಹೋಗ್ತಾರೆ.

ಐದು ಗಂಟೆಗೆ ವಾಷಿಂಗಿಗೆ ಹೋಗಿ, "ಆ 86 ಬಂದ್ವಾ ಸರ್?" ಅಂದೆ.

"ಯಾವ 86?"

ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ನೀರು ಹಿಂಡೋ ಹೈಡ್ರೋ ಮಷೀನಿನಲ್ಲಿ ನೋಡಿದೆವು. ಮೂರು ಡ್ರೈಯರಿನ ಬಾಗಿಲು ತೆಗೆದು ನೋಡಿದೆವು. ಇಸ್ತ್ರಿ ಟೇಬಲ್ ಕೆಳಗೆ, ಬಟನ್ ಮಷೀನಿನ ಹಿಂದೆ, ಪಕ್ಕದ ಲಾಟಿನ ಬಂಡಲ್ ಬಿಚ್ಚಿ, ಎಲ್ಲ ಕಡೆ ನೋಡಿದ್ದಾಯಿತು. ಪ್ಯಾಕಿಂಗಿನವರು 554 ಎಣಿಸಿ ಪೆಟ್ಟಿಗೆಗೆ ಹಾಕಿ ಕೈಕಟ್ಟಿ ನಿಂತಿದ್ದರು. ಚಲಾನ್ 640ಕ್ಕೆ ಬರೆದಾಗಿತ್ತು. ಲಾರಿ ಡ್ರೈವರ್ ಗೇಟಿನಲ್ಲಿ ಎರಡು ಸಲ ಹಾರ್ನ್ ಹೊಡೆದ. ಕೊನೆಗೆ ಕುಷ್ಟಗಿ ಅಕ್ಕನ ಮುಂದೆ ಹೋಗಿ ನಿಂತೆ.

"ಬೆಳಿಗ್ಗೆ ಕೊಟ್ಟ ಪೀಸ್ ಎಲ್ಲಿ?"

"ಒಗದೀನ್ರಿ."

"ಒಗೆದಿದ್ದೀರಿ, ಸರಿ. ಈಗ ಎಲ್ಲಿವೆ?"

"ಒಗದೀನಿ ಅಂದ್ನೆಲ್ರಿ."

"ಅದೇ, ಒಗೆದ ಮೇಲೆ ಎಲ್ಲಿಟ್ಟಿದ್ದೀರಿ?"

"ಒಗದ್ ಮ್ಯಾಲ ಎಲ್ಲಿ ಇಡೂದ್ರಿ?"

ನನ್ನ ದನಿ ಏರಿತು. ಅವರ ದನಿ ಮೊದಲೇ ಏರಿತ್ತು. ಇಬ್ಬರೂ ಕನ್ನಡದಲ್ಲೇ ಕೂಗಾಡುತ್ತಿದ್ದೆವು. ಒಂದು ಅಕ್ಷರವೂ ದಾಟುತ್ತಿರಲಿಲ್ಲ. ಆಗ ಇಸ್ತ್ರಿ ಟೇಬಲ್ಲಿನ ತಾತ ಬಂದರು. ರಾಯದುರ್ಗದವರು, ಮನೆ ಮಾತು ತೆಲುಗು. ನಿಧಾನವಾಗಿ ಹೇಳಿದರು: "ಮೇಡಂ, ಆಯಮ್ಮ ಹೇಳೋದು ಬಿಸಾಕಿದೀನಿ ಅಂತ. ಅವರ ಕಡೆ ಒಗಿಯೋದು ಅಂದ್ರೆ ಬಿಸಾಕೋದು ಕೂಡಾ."

ಇಬ್ಬರು ಕನ್ನಡದ ಹೆಂಗಸರ ನಡುವೆ ಕನ್ನಡವನ್ನು ಬಿಡಿಸಿ ಹೇಳಲು ಒಬ್ಬ ತೆಲುಗು ತಾತ ಬೇಕಾಯಿತು. ಆಮೇಲೆ ಯೋಚಿಸಿದರೆ ಇದು ಅಷ್ಟೇನೂ ವಿಚಿತ್ರವಲ್ಲ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಅಲ್ಲಿವರೆಗೆ ಮದ್ರಾಸು. ತಾತನ ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು, ಅದೇ ದಿನ ಆಂಧ್ರದ ಪಾಲಾಯಿತು. ಅಕ್ಕನ ಕುಷ್ಟಗಿ 1956ರವರೆಗೆ ಹೈದರಾಬಾದಿನಲ್ಲಿತ್ತು. ನನ್ನ ತಿಪಟೂರು ಮೊದಲಿಂದ ಮೈಸೂರು. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಮೂರು ಬೇರೆ ಬೇರೆ ಸರ್ಕಾರದಲ್ಲಿದ್ದವರು ನಾವು, ಒಂದು ಟೇಬಲ್ ಸುತ್ತ ನಿಂತು ಒಂದು ಕ್ರಿಯಾಪದಕ್ಕೆ ಜಗಳ ಆಡುತ್ತಿದ್ದೆವು. ಅವತ್ತು ಇದೆಲ್ಲ ಹೊಳೆದಿರಲಿಲ್ಲ ಬಿಡಿ. ಅವತ್ತು ಹೊಳೆದದ್ದು ಒಂದೇ. ಶನಿವಾರ ಚಿಂದಿ ವ್ಯಾಪಾರಿ ಬರ್ತಾನೆ.

ಅಕ್ಕ ಪೀಸನ್ನು ಬಾಯ್ಲರ್ ಪಕ್ಕದ ಚಿಂದಿ ಮೂಲೆಗೆ ಹಾಕಿದ್ದರು. ಎರಡು ಗಂಟೆಗೆ ವ್ಯಾಪಾರಿ ಬಂದು ತೂಕ ಹಾಕಿಸಿ, ಮೂಟೆ ಕಟ್ಟಿ, ಹೊತ್ತುಕೊಂಡು ಹೋಗಿದ್ದ.

ಅಷ್ಟರಲ್ಲಿ ಸಾವ್ಕಾರ್ರು ಕೆಳಗಿಳಿದು ಬಂದರು. "ಯಾರ್ ಹೇಳಿದ್ರು ಒಗೀ ಅಂತ?"

ಇಲ್ಲೇ ಸ್ವಲ್ಪ ನಿಲ್ಲಬೇಕು. ಫ್ಲೋರೆಲ್ಲ ಸುಮ್ಮನಾಗಿತ್ತು. ಯಾರೋ ಮಷೀನ್ ಕೂಡ ಬಂದ್ ಮಾಡಿದ್ದರು. ಅಕ್ಕ ನನ್ನ ಮುಖ ನೋಡುತ್ತಿದ್ದರು. "ನಾನು ಹೇಳಿದ್ದು, ನನಗೆ ಈ ಅರ್ಥ ಗೊತ್ತಿರಲಿಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಬೈತಿದ್ದರು. ಬೆಂಗ್ಳೂರ್ ಮೇಡಂ ಅಂತ ನಗುತ್ತಿದ್ದರು. ನಾನು ಹೇಳಿದ್ದು ಬೇರೆ.

"ನಾನು ವಾಷ್‌ಗೆ ಹಾಕಿ ಅಂದಿದ್ದೆ ಸರ್. ಇವರು ಸರಿಯಾಗಿ ಕೇಳಿಸಿಕೊಂಡಿಲ್ಲ."

'ವಾಷ್' ಅಂದಿರಲಿಲ್ಲ ನಾನು. ಆ ಒಂದು ಶಬ್ದ ಬಾಯಿಗೆ ಹೇಗೆ ಬಂತೋ. ಏಳು ತಿಂಗಳು ನಾಲಿಗೆ ಮೇಲೆ ಇದ್ದದ್ದು, ಬೆಳಿಗ್ಗೆ ಬೇಕಾದಾಗ ಬರಲಿಲ್ಲ, ಸಂಜೆ ಬೇಡವಾದಾಗ ಬಂತು.

ವಾಷಿಂಗ್ ಸರ್ ಪಕ್ಕದಲ್ಲಿ ನಿಂತು, ಅವತ್ತೊಂದಿನ ಮೆಲ್ಲಗೆ ಹೇಳಿದರು: "ಆಕೀ ಹಂಗ ಸಾವ್ಕಾರ್ರ. ಬಾಯಿ ಜೋರು, ಕಿವಿ ಮಂದ." ನಾನು ತಲೆ ಆಡಿಸಿದೆ. ಹೌದು, ಆಡಿಸಿದೆ.

ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ಆ ಚಿಂದ್ಯಾವನ ಗೋಡೌನ್ ನನಗ ಗೊತ್ತೈತಿ, ನಡೀರಿ" ಅಂದರು.

ಕೌಲ್ ಬಜಾರಿನ ಕಡೆ ಒಂದು ಓಣಿ. ಆಟೋ ಒಳಗೆ ಹೋಗಲ್ಲ. ನಡೆದುಕೊಂಡು ಹೋದೆವು. ನಾನು, ಅಕ್ಕ, ಆಫೀಸ್ ಬಾಯ್. ಕರೆಂಟ್ ಹೋಗಿತ್ತು. ಒಳಗೆ ಆಳೆತ್ತರ ಬಟ್ಟೆ ರಾಶಿ. ವ್ಯಾಪಾರಿ ಆಗಲೇ ಒಳ್ಳೆ ಪೀಸನ್ನೆಲ್ಲ ಬೇರೆ ಮಾಡಿ ಇಟ್ಟಿದ್ದ. ಭಾನುವಾರದ ಮಾರಾಟಕ್ಕೆ. ನಾನು ನನ್ನ ನಾಜೂಕು ಕನ್ನಡದಲ್ಲಿ, "ನೋಡಿ, ದಯವಿಟ್ಟು, ತಪ್ಪಾಗಿ ಬಂದಿದೆ" ಅಂತ ಶುರು ಮಾಡಿದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತೂಕ ಹಾಕಿ ರೊಕ್ಕ ಕೊಟ್ಟೀನಿ. ನಿಮ್ಮ ಸರ್‌ನ ಕಳಿಸ್ರಿ" ಅಂದ.

ಆಗ ಅಕ್ಕ ಬಾಯಿ ತೆರೆದರು. ಕನ್ನಡದಲ್ಲಿ ಶುರುವಾಗಿ, ನಡುವೆ ತೆಲುಗಿಗೆ ಹೊರಳಿ, ಆಮೇಲೆ ಇಲ್ಲಿನ ಉರ್ದುವಿಗೆ ಹೋಗಿ, ಮತ್ತೆ ಕನ್ನಡಕ್ಕೆ ಬಂತು. ಗೇಟ್ ಪಾಸಿನ ಮ್ಯಾಲ ಚಿಂದಿ ಅಂತ ಬರದೈತಿ, ಝಿಪ್ ಇದ್ದದ್ದು, ಗುಂಡಿ ಇದ್ದದ್ದು, ಲೇಬಲ್ ಇದ್ದದ್ದು ಚಿಂದಿ ಹೆಂಗಾಕ್ಕೈತಿ? ಅದು ಚಿಂದಿ ಆದ್ರ ನೀ ಮೈಮ್ಯಾಲ ಹಾಕ್ಕೊಂಡಿದ್ದೂ ಚಿಂದಿನ. ಓಣಿಯ ಜನ ಬಂದು ನಿಂತರು. ಎದುರು ಮನೆಯ ಅಜ್ಜಿಯೊಬ್ಬರು ಅಕ್ಕನ ಪಕ್ಷ ವಹಿಸಿದರು. ಹತ್ತು ನಿಮಿಷಕ್ಕೆ ವ್ಯಾಪಾರಿ ಕೈ ಮುಗಿದ. ಮೊಬೈಲ್ ಬೆಳಕಿನಲ್ಲಿ ಎಣಿಸಿದೆವು. 71 ಸಿಕ್ಕವು. ಉಳಿದ 15 ಆಗಲೇ ಯಾವನೋ ಹುಡುಗನ ಬೈಕಿನ ಮೇಲೆ ಹೋಗಿಬಿಟ್ಟಿದ್ದವು.

ವಾಪಸ್ ಬರುವಾಗ ಆಟೋದಲ್ಲಿ ಯಾರೂ ಮಾತಾಡಲಿಲ್ಲ. ಮೂಟೆ ಅಕ್ಕನ ತೊಡೆ ಮೇಲಿತ್ತು.

ಲಾರಿ 554 ತೆಗೆದುಕೊಂಡು ಹೋಯಿತು. 71 ಭಾನುವಾರ ನ್ಯೂಟ್ರಲ್ ಆಗಿ, ಸೋಮವಾರ ಪಾರ್ಸೆಲ್ಲಿನಲ್ಲಿ ಹೋದವು. ಕಲೆ ಇಪ್ಪತ್ತೇ ನಿಮಿಷಕ್ಕೆ ಹೋಯಿತು. 15 ಪೀಸಿನ ದುಡ್ಡನ್ನು ಮಾಲು ಕೊಳ್ಳೋ ಪಾರ್ಟಿ ಹಿಡಿದುಕೊಂಡಿತು. ಇಲ್ಲಿಗೆ ನಗೋ ಅರ್ಧ ಮುಗಿಯಿತು.

ಸೋಮವಾರ ಆಫೀಸಿನವರು, "ಏನಾದರೂ ಕಾಗದ ಬೇಕು ಮೇಡಂ, ಲಾಸ್ ತೋರಿಸಬೇಕು" ಅಂದರು. ಅಕ್ಕನ ಹೆಸರಿಗೆ ಮೆಮೊ. ಎರಡು ದಿನದ ಕೂಲಿ ಕಟ್. ಟೈಪ್ ಮಾಡಿದ್ದು ಅವರು. 'ಮೌಖಿಕ ಸೂಚನೆಯನ್ನು ನಿರ್ಲಕ್ಷಿಸಿ' ಅಂತ ಶುರುವಾಗುತ್ತಿತ್ತು. ಕೆಳಗೆ ನನ್ನ ಸಹಿ ಬೇಕಿತ್ತು. ಜೊತೆಗೆ ಗೇಟ್ ಪಾಸಿನ ಜೆರಾಕ್ಸ್ ಲಗತ್ತಿಸಬೇಕಿತ್ತು. ಅದನ್ನು ಕೈಗೆ ತೆಗೆದುಕೊಂಡಾಗ ಮೊದಲ ಸಲ ಸರಿಯಾಗಿ ಓದಿದೆ. ಚಿಂದಿ, 74 ಕೆಜಿ. ಸಹಿ ವಾಷಿಂಗ್ ಸರ್‌ದು.

ನಮ್ಮಲ್ಲಿ ವಾರಕ್ಕೆ ಚಿಂದಿ ಬೀಳೋದು 20, ಜಾಸ್ತಿ ಅಂದರೆ 25 ಕೆಜಿ. ಒಂದು ಜೀನ್ಸ್ ಅರ್ಧ ಕೆಜಿಗಿಂತ ಮೇಲೆಯೇ ತೂಗುತ್ತೆ. 86 ಪೀಸ್ ಅಂದರೆ 50 ಕೆಜಿ ಆಸುಪಾಸು. ತೂಕದ ಹತ್ತಿರ ನಿಂತು, ಮೂರು ಪಟ್ಟು ಚಿಂದಿ ಹೋಗೋದನ್ನು ನೋಡಿ, ಮೂಟೆ ಬಿಚ್ಚಿಸದೆ ಸಹಿ ಹಾಕಿದ್ದರು. ಮೆಟಾ ಕಡಿಮೆ ಹಾಕಿಸಿದ್ದೂ ಅವರ ವಿಭಾಗವೇ. ಅಂದರೆ ಕಲೆ ಬಂದದ್ದು ಅವರಿಂದ, ಮಾತು ತಪ್ಪಿದ್ದು ನನ್ನಿಂದ, ಗೇಟ್ ದಾಟಿದ್ದು ಅವರ ಸಹಿಯಿಂದ. ಮೆಮೊ ಮಾತ್ರ ಮೂರು ಸಲ ಕೇಳಿದವರಿಗೆ.

"ಸಹಿ ಸರ್‌ದು ಇದೆಯಲ್ಲ" ಅಂತ ಸಣ್ಣಗೆ ಹೇಳಿ ನೋಡಿದೆ. ಆಫೀಸಿನವರು ನಕ್ಕರು. "ಅದು ನಿಮ್ಮ ಹೆಂಗಸ್ರ ಮಾತುಕತಿ ತಪ್ಪು ಮೇಡಂ. ಅದರಾಗ ಸರ್‌ನ ಯಾಕ ಎಳೀತೀರಿ?" ಮೊದಲೇ ಹೇಳಿದೆನಲ್ಲ, ಇಂಥ ಮಾತಿಗೆ ಸಿಟ್ಟು ಬರೋ ಹೆಣ್ಣು ನಾನು. ಅವತ್ತೂ ಬಂತು. ಸಿಟ್ಟಿನಲ್ಲೇ ಸಹಿ ಹಾಕಿದೆ.

ನಮ್ಮ ಭಾವ ವಕೀಲರೊಬ್ಬರ ಹತ್ತಿರ ಗುಮಾಸ್ತ. ತಿಂಗಳಾದ ಮೇಲೆ ಊಟಕ್ಕೆ ಬಂದಾಗ ಸುಮ್ನೆ ಮಾತಿಗೆ ಹೇಳಿದೆ. ಅವರು ತುತ್ತು ಕೆಳಗಿಟ್ಟರು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯಲ್ಲಿ ದಂಡ ಆ ತಿಂಗಳ ಕೂಲಿಯ ಶೇ 3 ಮೀರುವಂತಿಲ್ಲವಂತೆ. ಹಾಕೋ ಮೊದಲು ಯಾಕೆ ಹಾಕಬಾರದು ಅಂತ ಹೇಳಿಕೊಳ್ಳಲು ಅವಕಾಶವನ್ನೂ ಕೊಡಬೇಕಂತೆ. 26 ದಿನದ ಕೂಲಿಯಲ್ಲಿ ಎರಡು ದಿನ ಅಂದರೆ ಶೇ 7ಕ್ಕೂ ಮೇಲೆ. ಮರುದಿನ ಅಕೌಂಟ್ಸಿಗೆ ಹೋದೆ. "ಹೋದ ತಿಂಗಳದ್ದು ಕ್ಲೋಸ್ ಆಗೇತಿ ಮೇಡಂ. ಸಿಸ್ಟಮ್ ತೊಗೊಳ್ಳಂಗಿಲ್ಲ" ಅಂದರು. ಕಟ್ ಮಾಡುವಾಗ ಸಿಸ್ಟಮ್ ಹೇಗೆ ತೊಗೊಂಡಿತೋ.

ಎರಡು ದಿನದ ಕೂಲಿಯನ್ನು ನನ್ನ ಕೈಯಿಂದ ಲಕೋಟೆಯಲ್ಲಿಟ್ಟು, ಊಟದ ಹೊತ್ತಿಗೆ ಅಕ್ಕನಿಗೆ ಕೊಟ್ಟೆ. ಬೇಡ ಅನ್ನಬಹುದು, ನಾನು ಒತ್ತಾಯ ಮಾಡಬೇಕಾಗುತ್ತೆ ಅಂತೆಲ್ಲ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅಕ್ಕ ಲಕೋಟೆ ಬಿಚ್ಚಿದರು. ನನ್ನ ಎದುರಿಗೇ ಎಣಿಸಿದರು. ಬ್ಲೌಸಿನೊಳಗೆ ಇಟ್ಟುಕೊಂಡರು.

"ರೊಕ್ಕ ಆತ್ರಿ. ಕಾಗದ?"

ನಾನು ಏನೂ ಹೇಳಲಿಲ್ಲ.

"ಆ ಕಾಗದ ಹರೀರಿ ಮೇಡಮ್ಮಾರ. ನಾ ಕಿವುಡಿ ಅಲ್ಲ."

ಆಮೇಲೆ ಬುತ್ತಿ ಕಟ್ಟುತ್ತಾ, ಅವತ್ತೊಂದು ದಿನ ಅವರ ದನಿ ನಿಜವಾಗಿಯೂ ಮೆಲ್ಲಗಿತ್ತು, ಇನ್ನೊಂದು ಮಾತು ಹೇಳಿದರು. "ಮೊದಲ ನಿಮಗ ನಾನ ಹೇಳಿಕೊಡ್ತಿದ್ನಿ, ಇದಕ್ಕ ಹಿಂಗಂತೀವಿ, ಅದಕ್ಕ ಹಂಗಂತೀವಿ ಅಂತ. ಆಮ್ಯಾಲ ಬಿಟ್ನಿ. ನಿಮ್ ತಂಗಿಗಿ ನಗಾಕ ಬೇಕಿತ್ತಲ್ರಿ, ನನ್ ಮಾತು."

ಡೈರಿಯ ಪಟ್ಟಿ ಒಂದೂವರೆ ಹಾಳೆಗೆ ಯಾಕೆ ನಿಂತಿತು ಅಂತ ಆಗ ಗೊತ್ತಾಯಿತು. ಜೂನ್ ತಿಂಗಳಿರಬೇಕು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನ್ ಮಾಡಿದ್ದೆ. ಅವಳು ನನ್ನ 'ಐತಿ'ಗೆ ನಗೋದನ್ನು ತಪ್ಪಿಸಲು, "ನನ್ನದೇನು ಮಹಾ, ಇಲ್ಲೊಬ್ಬರಿದ್ದಾರೆ ಕೇಳು" ಅಂತ ಅಕ್ಕನ ಥರ ಮಾತಾಡಿ ತೋರಿಸಿದ್ದೆ. ದನಿ ಸಮೇತ. ಚೆನ್ನಾಗಿಯೇ ಮಾಡಿದ್ದೆ. ತಂಗಿ ನಕ್ಕೂ ನಕ್ಕೂ ಕೆಮ್ಮಿದಳು. ತಿರುಗಿ ನೋಡಿದರೆ ಅಕ್ಕ ಬುತ್ತಿ ಡಬ್ಬಿ ಹಿಡಿದು ಹಿಂದೆ ನಿಂತಿದ್ದರು. ನಕ್ಕು ಇಳಿದು ಹೋದರು. ನಕ್ಕರಲ್ಲ, ಏನೂ ಆಗಿಲ್ಲ ಅಂದುಕೊಂಡಿದ್ದೆ. ನನಗೆ ಯಾರಾದರೂ 'ಕಣ್ರೀ' ಅಂದಾಗ ನಾನೂ ಹಾಗೇ ನಗ್ತಿದ್ದೆ.

ಈ ಘಟನೆಯಿಂದ ಮ್ಯಾನೇಜ್‌ಮೆಂಟ್ ಏನು ಕಲಿತಿತು ಅಂತ ಕೇಳಬೇಡಿ. ಟ್ಯಾಗ್ ತಂದರು. ರೀವಾಷಿಗೆ ಹಳದಿ, ಆಲ್ಟರಿಗೆ ನೀಲಿ, ರಿಜೆಕ್ಟಿಗೆ ಕೆಂಪು. ಮೇಲೆ ಎಲ್ಲ ಇಂಗ್ಲಿಷಿನಲ್ಲಿ ಅಚ್ಚು. ಚೆಕಿಂಗಿನ ಅರ್ಧ ಹೆಂಗಸರಿಗೆ ಇಂಗ್ಲಿಷ್ ಓದಲು ಬರಲ್ಲ. ಬಣ್ಣ ನೋಡಿ ಹಾಕ್ತಾರೆ ಅಂದರು. ಮೂರು ವಾರಕ್ಕೆ ಹಳದಿ ಖಾಲಿ. ಪರ್ಚೇಸಿನವರು "ಬರ್ತೈತಿ" ಅಂದರು. ಇನ್ನೂ ಬರ್ತಾ ಇದೆ. ಈಗ ಕೆಂಪು ಟ್ಯಾಗಿನ ಮೇಲೆ ನಾನೇ ಮಾರ್ಕರಿನಲ್ಲಿ ಕನ್ನಡದಲ್ಲಿ 'ವಾಷ್' ಅಂತ ಬರೆದು ಕಟ್ಟಿಸ್ತೀನಿ. ಆಮೇಲೆ ಒಂದು ಆಪ್ ಬಂತು. ಅದರಲ್ಲಿ ಹೆಲ್ಪರ್ ಹೆಸರು ತುಂಬಲು ಜಾಗ ಇದೆ, ಸೂಚನೆ ಕೊಟ್ಟವರ ಹೆಸರಿಗೆ ಜಾಗ ಇಲ್ಲ.

ನಾನು ಬದಲಾಯಿಸಿಕೊಂಡದ್ದು ಸಣ್ಣದು. ಯಾರಾದರೂ ಎರಡನೇ ಸಲ ಕೇಳಿದರೆ, ಹೇಳಿದ್ದನ್ನೇ ಮತ್ತೆ ಹೇಳಲ್ಲ. "ಈಗ ಇದನ್ನ ಎಲ್ಲಿಗೆ ಒಯ್ತೀರಿ?" ಅಂತ ಕೇಳ್ತೀನಿ. ಮಂಡ್ಯದ ಹುಡುಗಿಗೂ ಅದನ್ನೇ ಹೇಳಿದೆ. ಅವಳು ಇದನ್ನೂ ಡೈರಿಯಲ್ಲಿ ಬರೆದುಕೊಂಡಳು. ಆ ಡೈರಿ ಊಟದ ಹೊತ್ತಿನಲ್ಲಿ ಎಲ್ಲಿರುತ್ತೆ ಅಂತ ನಾನು ಗಮನಿಸ್ತಾ ಇದ್ದೀನಿ.

ಮೆಮೊ ಹರಿಯಲು ಆಗಲಿಲ್ಲ. ಎರಡು ಸಲ ಬರೆದುಕೊಟ್ಟೆ, ತಪ್ಪು ನನ್ನದು ಅಂತ. ಆ ಎರಡು ಕಾಗದವನ್ನೂ ಅದೇ ಫೈಲಿಗೆ ಹಾಕಿದರು, ಮೆಮೊದ ಹಿಂದೆ. ಕುಷ್ಟಗಿ ಅಕ್ಕ ಇನ್ನೂ ಎರಡು ವರ್ಷ ನಮ್ಮಲ್ಲೇ ಇದ್ದರು. ಮತ್ತೆ ಮಾತು ಕಲಿಸಲಿಲ್ಲ. ಕೆಲಸದ ಮಾತು ಎಷ್ಟೋ ಅಷ್ಟೇ. ಆಮೇಲೆ ಇದೇ ಏರಿಯಾದ ಇನ್ನೊಂದು ಯೂನಿಟ್ಟಿನಲ್ಲಿ ಚೆಕಿಂಗ್ ಸೂಪರ್‌ವೈಸರ್ ಕೆಲಸಕ್ಕೆ ಹೋದರು.

ಹೋಗೋ ಮುಂಚೆ ಆ ಯೂನಿಟ್ಟಿನವರು ವಿಚಾರಿಸಲು ಫೋನ್ ಮಾಡಿದ್ದರು. ಎತ್ತಿದ್ದು ನಾನೇ.

"ಆಕೀ ಬಾಯಿ ಭಾಳ ಜೋರಂತಲ್ಲಮ್ಮಾ?"

"ಜೋರು" ಅಂದೆ. "ಮೂರು ಸಲ ಕೇಳ್ತಾರೆ. ಮೂರನೇ ಸಲವಾದರೂ ಸರಿಯಾಗಿ ಉತ್ತರ ಕೊಡಿ. ಕೆಲಸದಲ್ಲಿ ಅವರಂಥವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಫೈಲಿನಲ್ಲಿ ಒಂದು ಮೆಮೊ ಇದೆ, ಅದು ತಪ್ಪು. ಬರೆದವಳು ನಾನೇ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಆತಮ್ಮಾ. ಅಲ್ಲೆ ಸರ್ ಯಾರಾದ್ರೂ ಇದ್ರ ಕೊಡು. ಒಂದ್ ಮಾತು ಕೇಳಿಬಿಡ್ತೀನಿ."

ವಾಷಿಂಗ್ ಸರ್ ಪಕ್ಕದ ಕುರ್ಚಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದರು. "ಯಾರೂ ಇಲ್ರಿ" ಅಂದು ಫೋನ್ ಇಟ್ಟೆ.